ಹಸಿರು ದೀಪದ ಮೆಷಿನ್

ಒಣಗಿದ ಸೌದೆಗೆ ಒಂದು ದನಿ ಇದೆ. ಎರಡು ಸೀಳುಗಳನ್ನು ಎರಡು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದರೆ ಒಣಗಿದ್ದು ಠಣ್ ಅನ್ನುತ್ತದೆ, ಹಸಿ ಉಳಿದಿದ್ದು ದಬ್ ಅನ್ನುತ್ತದೆ. ನಮ್ಮ ಕಡೆ ಸೌದೆ ಕೊಳ್ಳುವವರು ತೂಕವನ್ನು ಆಮೇಲೆ ನೋಡುತ್ತಾರೆ, ಮೊದಲು ಬಡಿಸಿ ಕೇಳುತ್ತಾರೆ. ಸಕಲೇಶಪುರದಿಂದ ದೋಣಿಗಲ್ ಕಡೆ ಹೋಗುವ ರಸ್ತೆಯಲ್ಲಿ ನನ್ನ ಡಿಪೋ ಇದೆ. ಇಪ್ಪತ್ತು ವರ್ಷದಿಂದ ಅಲ್ಲಿ ಬಡಿಯುವ ಕೆಲಸ ನನ್ನದು. ಗಿರಾಕಿ ಬಂದು ನಿಲ್ಲುತ್ತಾನೆ, ನಾನು ರಾಶಿಯಿಂದ ಎರಡು ಸೀಳು ಎತ್ತಿ ಕಿವಿಯ ಹತ್ತಿರ ತಂದು ಬಡಿದು, ‘ತಗೊಂಡೋಗಿ, ಕಣ್ಣಲ್ಲಿ ನೀರು ಬರಲ್ಲ’ ಅಂದರೆ ಮುಗಿಯಿತು. ಅವನು ಮತ್ತೆ ಮುಟ್ಟಿ ನೋಡುವುದಿಲ್ಲ. ಸೌದೆ ಮಾರುವವರು ಆ ರಸ್ತೆಯಲ್ಲಿ ಇನ್ನೂ ಇದ್ದಾರೆ. ಜನ ನನ್ನಲ್ಲಿಗೆ ಬರುತ್ತಿದ್ದುದು ಈ ಕಿವಿಯನ್ನು ನಂಬಿ. ನನಗೂ ಅದರ ಜಂಬ ಇತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಎರಡು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ಕಾಫಿ ಬೊಡ್ಡೆಯ ಎರಡು ಸೀಳು ಎತ್ತಿ ಬಡಿದೆ. ದಬ್. ಬೇರೆ ಎರಡು ಎತ್ತಿದೆ. ಅದೂ ದಬ್. ತಾಡಪಾಲು ಸರಿಯಾಗಿ ಹೊದಿಸಿಲ್ಲ, ರಾಶಿಯೆಲ್ಲ ನೆನೆದುಹೋಗಿದೆ ಅಂತ ನಮ್ಮ ಡಿಪೋದ ಹೆಂಗಸಿನ ಮೇಲೆ ಹಾರಾಡಿದೆ. ಅವಳು ಹನ್ನೆರಡು ವರ್ಷದಿಂದ ನನ್ನಲ್ಲಿ ಸೌದೆ ಸೀಳಿಸುವುದು, ಅಟ್ಟಿ ಜೋಡಿಸುವುದು ಎಲ್ಲ ನೋಡಿಕೊಳ್ಳುತ್ತಿರುವವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆವತ್ತು ಒಂದು ತೆಳು ಸೀಳನ್ನು ಮೊಣಕಾಲಿಗೆ ಕೊಟ್ಟು ಮುರಿದು ನನ್ನ ಮುಂದೆ ಹಿಡಿದಳು. ಮುರಿದ ಜಾಗ ಒಣಗಿ ಬೆಳ್ಳಗಿತ್ತು. ಸೌದೆಯಲ್ಲಿ ದೋಷ ಇರಲಿಲ್ಲ.

ಹಾಸನಕ್ಕೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆ. ಡಿಪೋ ಇಡುವ ಮುಂಚೆ ಸಾಮಿಲ್ಲಿನಲ್ಲಿ ಗರಗಸದ ಪಕ್ಕ ಹದಿನೈದು ವರ್ಷ ನಿಂತಿದ್ದೆ ಅಂದ ತಕ್ಷಣ ಅವರು ಮುಂದೆ ಕೇಳುವುದನ್ನೇ ಬಿಟ್ಟರು. ದಪ್ಪ ದನಿಗಳು ಉಳಿದಿವೆ, ಸಣ್ಣ ದನಿಗಳು ಹೋಗಿವೆ, ಹೋದದ್ದು ವಾಪಸ್ಸು ಬರುವುದಿಲ್ಲ ಅಂದರು. ಲೆಕ್ಕ ಸರಿಯಾಗಿತ್ತು. ಲಾರಿ ಕೇಳುತ್ತಿತ್ತು, ಹಕ್ಕಿ ಕೇಳುತ್ತಿರಲಿಲ್ಲ. ಗಂಡಸರ ಮಾತು ಮುಕ್ಕಾಲು ಸಿಗುತ್ತಿತ್ತು, ಹೆಂಗಸರದ್ದು ಅರ್ಧ. ಕಿವಿಗೆ ಹಾಕಿಕೊಳ್ಳುವ ಮೆಷಿನ್ ತೋರಿಸಿದರು. ಬೇಡ ಅಂದು ಎದ್ದು ಬಂದೆ. ಕಿವಿಯಲ್ಲಿ ಗುಂಡಿ ಸಿಕ್ಕಿಸಿಕೊಂಡು ಸೌದೆ ಬಡಿದು ತೋರಿಸುವವನನ್ನು ಯಾವ ಗಿರಾಕಿ ನಂಬುತ್ತಾನೆ? ಈ ವಿಷಯ ಡಾಕ್ಟರಿಗೆ ಮತ್ತು ನನ್ನ ಹೆಂಡತಿಗೆ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು ಅಂತ ತೀರ್ಮಾನ ಮಾಡಿದೆ. ಗೊತ್ತಾದ ದಿನ ನನ್ನ ಡಿಪೋ ಮುಗಿದ ಹಾಗೆ ಅಂತ ನನಗೆ ಖಾತ್ರಿ ಇತ್ತು.

ಹಾಗಾಗಿ ನಾಟಕ ಶುರುವಾಯಿತು. ಗಿರಾಕಿ ಬಂದರೆ ಎಂದಿನ ಹಾಗೆ ಎರಡು ಸೀಳು ಎತ್ತಿ ಬಡಿಯುತ್ತಿದ್ದೆ, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದೆ. ನಿಜವಾಗಿ ಮಾಡುತ್ತಿದ್ದುದು ಕೈಯಲ್ಲಿ ತೂಗಿ ನೋಡುವುದು, ತುದಿಯಲ್ಲಿ ಬಿರುಕು ಬಿಟ್ಟಿದೆಯಾ ಅಂತ ಕಳ್ಳಗಣ್ಣಲ್ಲಿ ನೋಡುವುದು. ಬೇಸಿಗೆಯಲ್ಲಿ ಅಷ್ಟು ಸಾಕು. ಮಳೆ ಹಿಡಿದು ವಾರಗಟ್ಟಲೆ ಬಿಡದೆ ಹೊಡೆಯುವಾಗ ಮೇಲೆ ಒದ್ದೆಯಾದದ್ದು ಯಾವುದು, ಒಳಗೆ ಹಸಿ ಇರುವುದು ಯಾವುದು ಅಂತ ತೂಕದಲ್ಲಿ ತಿಳಿಯುವುದಿಲ್ಲ. ಆದರೂ ‘ತಗೊಂಡೋಗಿ’ ಅನ್ನುವುದು ಬಿಡಲಿಲ್ಲ. ಯಾರಾದರೂ ಏನಾದರೂ ಹೇಳಿದರೆ, ಅರ್ಥವಾಗದಿದ್ದರೆ, ಹೂಂ ಅಂತ ತಲೆ ಆಡಿಸುವುದು ರೂಢಿ ಮಾಡಿಕೊಂಡೆ. ಹೂಂ ಅಂದರೆ ಜನಕ್ಕೆ ಖುಷಿ, ಮತ್ತೆ ಕೇಳುವುದಿಲ್ಲ.

ಅಂತೂ ಒಂದು ವರ್ಷ ದಾಟಿತು. ಕಳೆದ ಮಳೆಗಾಲದಲ್ಲಿ ಸಿಕ್ಕಿಹಾಕಿಕೊಂಡೆ. ಮದುವೆಗಳಿಗೆ ಬಿರಿಯಾನಿ ಮಾಡಿಕೊಡುವ ಸಾಹೇಬರೊಬ್ಬರು ಸಕಲೇಶಪುರದಲ್ಲಿದ್ದಾರೆ, ನನ್ನ ಅತಿ ಹಳೆಯ ಗಿರಾಕಿ. ಒಂದು ನಿಕಾಹ್‌ಗೆ ಅಂತ ಆಟೋ ತುಂಬ ಸೌದೆ ತಗೊಂಡು ಹೋಗಿದ್ದವರು ಮಾರನೇ ದಿನ ಖಾಲಿ ಆಟೋದಲ್ಲಿ ಬಂದಿಳಿದರು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವರು ಹತ್ತಿರ ಬಂದು, ‘ಅನ್ನಕ್ಕೆಲ್ಲ ಹೊಗೆ ಹತ್ತಿಬಿಡ್ತು ಮಾರಾಯ್ರೆ. ಹುಡುಗಿ ಅಪ್ಪ ನನ್ ಮುಖಾನೂ ನೋಡ್ಲಿಲ್ಲ’ ಅಂದರು. ಮುಖ ಬಾಡಿಹೋಗಿತ್ತು. ನಾನು ಮಳೆಯನ್ನು ಬೈದೆ, ತಾಡಪಾಲನ್ನು ಬೈದೆ. ಅದೂ ಸಾಲದೆ, ತಂಗಿಯ ಮನೆಗೆ ಅಂತ ನಾಲ್ಕು ದಿನ ರಜ ಹಾಕಿ ಹೋಗಿ ಆವತ್ತೇ ವಾಪಸ್ಸು ಬಂದಿದ್ದ ನಮ್ಮ ಹೆಂಗಸನ್ನು ಸಾಹೇಬರ ಮುಂದೆಯೇ ಕರೆಸಿ, ‘ನೀನು ಅಟ್ಟಿ ಸರಿಯಾಗಿ ಮುಚ್ಚಿ ಹೋಗಿದ್ರೆ ಹಿಂಗಾಗ್ತಿತ್ತಾ’ ಅಂತ ಎಗರಾಡಿದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, ‘ತಪ್ಪಾಯ್ತು ಬುಡಣ್ಣ’ ಅಂದು ಹೋದಳು. ಸಾಹೇಬರು ಇನ್ನೊಂದು ಸಲ ನೋಡೋಣ ಅಂದರು. ಇನ್ನೊಂದು ಸಲ ಹೀಗಾದರೆ ಅವರೂ ಹೋಗುತ್ತಾರೆ, ಊರೂ ಹೋಗುತ್ತದೆ.

ಚಿಪ್ಪಿಂಗ್ ಮೆಷಿನ್ ಹುಚ್ಚು ನನಗೆ ಹಿಡಿದದ್ದು ಆಮೇಲೆ. ಹಾಸನದ ಆಚೆ ಒಂದು ಕಾರ್ಖಾನೆಯವರು ಬಾಯ್ಲರಿಗೆ ಮರದ ಚೂರು ಕೊಳ್ಳುತ್ತಾರೆ. ಸ್ವಲ್ಪ ಹಸಿ ಇದ್ದರೂ ನಡೆಯುತ್ತದೆ. ಮಳೆಗೆ ಮುಂಚೆ ತೋಟಗಳಲ್ಲಿ ಮರಗಸಿ ಮಾಡಿ ನೆರಳಿನ ಮರಗಳ ಕೊಂಬೆ ಇಳಿಸುತ್ತಾರಲ್ಲ, ಅದರಲ್ಲಿ ಸೌದೆಗೆ ಬರುವುದು ಅರ್ಧ. ಉಳಿದ ರೆಂಬೆ ಸಿಂಬೆ ಅಲ್ಲೇ ಕೊಳೆಯುತ್ತದೆ. ಅದನ್ನೆಲ್ಲ ಮೆಷಿನ್ನಿಗೆ ಕೊಟ್ಟರೆ ಚೂರು. ಕಾಲ ಬದಲಾಯಿತು, ನಾವೂ ಬದಲಾಗಬೇಕು ಅಂತ ಎಲ್ಲರ ಮುಂದೆ ಭಾಷಣ ಹೊಡೆದೆ. ಹೆಂಡತಿ ಮಾತ್ರ ನಂಬಲಿಲ್ಲ. ಚೂರನ್ನು ಯಾರೂ ಬಡಿದು ಕೇಳುವುದಿಲ್ಲ, ನನಗೆ ಬೇಕಾಗಿದ್ದುದು ಅಷ್ಟೇ.

ಮೆಷಿನ್ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ ಅಂತ ಆಗ ಗೊತ್ತಾಯಿತು. ಬಾಯಿ ಎಷ್ಟು ಅಗಲ, ಎಷ್ಟು ದಪ್ಪದ ಕೊಂಬೆ ನುಂಗುತ್ತದೆ, ಟ್ರ್ಯಾಕ್ಟರಿಗೆ ಕಟ್ಟಿ ಓಡಿಸುವುದಾ ಅದರದ್ದೇ ಇಂಜಿನ್ನಾ, ಬ್ಲೇಡು ಎಷ್ಟು ದಿನಕ್ಕೆ ಸಾಣೆ ಹಿಡಿಸಬೇಕು, ನಮ್ಮ ಕಡೆಯ ತೋಟದ ಏರುದಾರಿಯಲ್ಲಿ ಎಳೆದುಕೊಂಡು ಹೋಗಬಹುದಾ. ಎಲ್ಲ ಬರೆದುಕೊಂಡು ತಿರುಗಿದೆ. ಹೆಗ್ಗದ್ದೆ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ಇದೆ ಅಂತ ತಿಳಿದು ಅಲ್ಲಿಗೂ ಹೋದೆ. ಅಲ್ಲಿ ಲೆಕ್ಕ ಬರೆಯುವ ರೈಟರು ತನ್ನ ಸ್ವಂತದ್ದು ಅನ್ನುವ ಹಾಗೆ ಮೈ ತಡವಿ ತಡವಿ ತೋರಿಸಿದರು. ಓಡಿಸಿ ನಿಲ್ಲಿಸಿ ಮುಚ್ಚಳಕ್ಕೆ ಕೈ ಹಾಕಿ, ‘ಎಳೀರಿ ನೋಡಾಣ’ ಅಂದರು. ಎಳೆದೆ, ಅಲುಗಲಿಲ್ಲ. ‘ಒಳಗಿನ ಚಕ್ರ ಪೂರ್ತಿ ನಿಲ್ಲೋಗಂಟ ಈ ಬೀಗ ಬಿಡಾಕಿಲ್ಲ. ನಿಂತ್ಮೇಲೆ ಆ ದೀಪ ಹಸಿರಾಯ್ತದೆ, ಆಗ ತೆಗೀಬೋದು.’ ಮೂರು ನಿಮಿಷ ಕಾದೆವು. ದೀಪ ಹಸಿರಾಯಿತು, ಮುಚ್ಚಳ ಬೆಣ್ಣೆಯಂತೆ ತೆರೆದುಕೊಂಡಿತು. ನನ್ನ ಕಣ್ಣು ಆ ದೀಪದ ಮೇಲೆಯೇ ನಿಂತಿತು. ಕಿವಿ ಬೇಕಿಲ್ಲ, ಕಣ್ಣು ಸಾಕು. ಇದೇ ನನ್ನ ಮೆಷಿನ್ ಅಂದುಕೊಂಡು ಮನೆಗೆ ಬಂದೆ.

ಹಾಸನದಿಂದ ಮೆಷಿನ್ ಮಾರುವವನೊಬ್ಬ ಡಿಪೋಗೆ ಬಂದ. ಚುರುಕು ಮನುಷ್ಯ, ದನಿಯೂ ದಪ್ಪ, ನನಗೆ ಪೂರ್ತಿ ಕೇಳುತ್ತಿತ್ತು. ಹೆಗ್ಗದ್ದೆಯಲ್ಲಿ ನೋಡಿದಂಥದ್ದು ಬೇಕು ಅಂದೆ. ಅವನು ನಕ್ಕ. ‘ಸಾರ್, ಅದು ದೊಡ್ಡ ಸಾಹುಕಾರ್ರು ತಗೊಳ್ಳೋದು. ಅದಕ್ಕೂ ಇದಕ್ಕೂ ಬ್ಲೇಡು ಒಂದೇ, ಬಾಯಿ ಒಂದೇ. ವ್ಯತ್ಯಾಸ ಅಂದ್ರೆ ಆ ಬೀಗ, ಆ ದೀಪ. ಅಷ್ಟಕ್ಕೆ ಯಾಕೆ ಜಾಸ್ತಿ ಕೊಡ್ತೀರಿ? ನಮ್ಮದು ಒಂದೇ ಬೋಲ್ಟು, ಬಿಚ್ಚಿದ್ರೆ ಮುಚ್ಚಳ ತೆರೆಯುತ್ತೆ.’

‘ಒಳಗೆ ಚಕ್ರ ನಿಂತಿದ್ಯೋ ಇಲ್ವೋ ಹೆಂಗೆ ಗೊತ್ತಾಗೋದು?’ ಅಂತ ಕೇಳಿದೆ.

‘ಕುಯ್ಯೋ ಅಂತಿರುತ್ತಲ್ಲ ಸಾರ್. ಆಫ್ ಮಾಡಿದ ಮೇಲೂ ಎರಡು ಮೂರು ನಿಮಿಷ ಸಣ್ಣಗೆ ಕುಯ್ಗುಡ್ತಾನೇ ಇರುತ್ತೆ. ಕಿವಿ ಇದ್ದೋರಿಗೆ ದೀಪ ಯಾಕೆ?’

ನಮ್ಮ ಹೆಂಗಸು ಪಕ್ಕದಲ್ಲೇ ಸೌದೆ ಜೋಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. ದೀಪದ್ದೇ ಬೇಕು ಅಂದರೆ ಯಾಕೆ ಅನ್ನುತ್ತಾನೆ. ನಾನು ಹೇಳುವ ಯಾವ ಕಾರಣವೂ ನಿಲ್ಲುವಂಥದ್ದಲ್ಲ. ಅವನು ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದ. ‘ಅದೂ ನಿಜಾನೇ ಬಿಡಿ,’ ಅಂದೆ. ‘ಒಂದು ಸಲ ತಂದು ಓಡಿಸಿ ತೋರಿಸಿ, ತಗೊಳ್ತೀನಿ.’ ಗುಟ್ಟು ಉಳಿಸಿಕೊಳ್ಳಲು ನನಗೇ ಕೇಳಿಸದ ಮೆಷಿನ್ ಒಪ್ಪಿಕೊಂಡೆ. ನನ್ನಂಥ ಪೆದ್ದನನ್ನು ನಾನು ಬೇರೆಲ್ಲೂ ನೋಡಿಲ್ಲ.

ಮುಂದಿನ ವಾರ, ಮೇ ತಿಂಗಳ ಕೊನೆ, ಅವನು ಟ್ರ್ಯಾಕ್ಟರಿಗೆ ಕಟ್ಟಿದ ಮೆಷಿನ್ನನ್ನು ಮೊದಲು ಕಳಿಸಿ, ಹಿಂದೆಯೇ ಜೀಪಿನಲ್ಲಿ ಬಂದ. ಎರಡು ದಿನದಿಂದ ಮುಂಗಾರಿಗೆ ಮುಂಚಿನ ಮಳೆ ಬಿದ್ದು ಅಂಗಳವೆಲ್ಲ ಕೆಸರು. ಅದೇ ಹೊತ್ತಿಗೆ ಸಾಹೇಬರೂ ಸೌದೆಗೆ ಅಂತ ಬಂದವರು ಆಟೋ ನಿಲ್ಲಿಸಿ ನೋಡುತ್ತಾ ನಿಂತರು. ನನಗೆ ಒಳಗೊಳಗೇ ಉಮೇದು ಬಂತು. ಇವತ್ತು ಇವರ ಕಣ್ಣಲ್ಲಿ ಮತ್ತೆ ಮೇಲೇಳಬೇಕು ಅನ್ನಿಸಿತು.

ಮೊದಲು ಒಣಗಿದ ಸಿಲ್ವರ್ ಓಕ್ ಕೊಂಬೆ ಕೊಟ್ಟೆವು. ಮೆಷಿನ್ ಅದನ್ನು ಸರಸರ ಎಳೆದುಕೊಂಡು, ಇನ್ನೊಂದು ಕಡೆಯ ಕೊಳವೆಯಿಂದ ಚೂರುಗಳನ್ನು ಕಾರಿತು. ಆ ಗದ್ದಲದಲ್ಲಿ ಯಾರಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಸನ್ನೆ ಮಾಡುತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ನಾನೂ ಎಲ್ಲರಂತೆ ಆದೆ. ಮನಸ್ಸು ಹಗುರವಾಯಿತು. ಖುಷಿ ಜಾಸ್ತಿಯಾಗಿ, ಮೂಲೆಯಲ್ಲಿ ಬಿದ್ದಿದ್ದ ಹಸಿ ಹಾಲುವಾಣದ ಕೊಂಬೆಗಳನ್ನು ಎಳೆದು ತಂದೆ. ಮೆಣಸಿನ ಬಳ್ಳಿ ಸುತ್ತಿಕೊಂಡಿದ್ದವು. ತೋಟದವರು ಕೊಡುವುದು ಇಂಥದ್ದೇ, ಇದು ನುಂಗಿದರೆ ಮಾತ್ರ ಬೇಕು ಅಂತ ಸನ್ನೆ ಮಾಡಿದೆ. ಅವನು ಬೇಡ ಅನ್ನುವ ಹಾಗೆ ಕೈ ಆಡಿಸಿದರೂ ತುರುಕಿದೆ. ಸ್ವಲ್ಪ ಹೊತ್ತು ಚೂರು ಬಂತು. ಆಮೇಲೆ ಕೊಳವೆ ಕಟ್ಟಿತು. ಚೂರು ನಿಂತುಹೋಯಿತು.

ಅವನು ಟ್ರ್ಯಾಕ್ಟರ್ ಹತ್ತಿ, ಮೆಷಿನ್ನಿಗೆ ಹೋಗುವ ಶಕ್ತಿ ತಪ್ಪಿಸಿದ. ಟ್ರ್ಯಾಕ್ಟರ್ ಮಾತ್ರ ಗುಡುಗುಡು ಅನ್ನುತ್ತಾ ನಿಂತಿತ್ತು. ಇಳಿದು ಜೀಪಿನ ಕಡೆ ಹೋಗುತ್ತಾ ಬೆನ್ನು ತಿರುಗಿಸಿಕೊಂಡೇ ಏನೋ ಹೇಳಿದ. ಹೂಂ ಅಂತ ತಲೆ ಆಡಿಸಿದೆ.

ಸ್ಪ್ಯಾನರ್ ಮೆಷಿನ್ನಿನ ಮೇಲೇ ಇತ್ತು. ಅವನು ಜೀಪಿನಲ್ಲಿ ಏನೋ ಹುಡುಕುತ್ತಿದ್ದ. ಸಾಹೇಬರು ನೋಡುತ್ತಿದ್ದರು. ನನಗೆ ತಾಳ್ಮೆ ಅನ್ನುವುದು ಹುಟ್ಟಿನಿಂದ ಇಲ್ಲ. ಒಂದು ಬೋಲ್ಟು ತಾನೆ ಅಂತ ಬಿಚ್ಚಿದೆ. ಮುಚ್ಚಳ ಎತ್ತಿದೆ. ಕಿವಿಗೊಟ್ಟು ಕೇಳಿದೆ, ದೇವರಾಣೆಗೂ ಕೇಳಿದೆ. ಟ್ರ್ಯಾಕ್ಟರಿನ ದಪ್ಪ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಚಕ್ರ ನಿಂತಿದೆ ಅಂದುಕೊಂಡೆ. ಕತ್ತಲೆಯಲ್ಲಿ ಬಳ್ಳಿಯ ಸಿಕ್ಕು ಕೈಗೆಟುಕುವ ಹಾಗೆ ಕಾಣುತ್ತಿತ್ತು. ಅಂಗಿಯ ತೋಳು ಮೇಲಕ್ಕೆ ಸರಿಸಿ ಬಲಗೈ ಒಳಗೆ ಹಾಕಿದೆ. ಮಣಿಕಟ್ಟು ದಾಟಿತ್ತು. ಬೆರಳಿಗೆ ಬಳ್ಳಿ ಇನ್ನೇನು ಸಿಗಬೇಕು.

ತೋಳಿಗೆ ಏನೋ ರಪ್ಪನೆ ಬಂದು ಬಡಿಯಿತು. ಕೈ ಹೊರಗೆ ಬಂತು, ನಾನು ಕೆಸರಿನಲ್ಲಿ ಕೂತೆ. ಪಕ್ಕದಲ್ಲಿ ಕಾಫಿ ಬೊಡ್ಡೆಯ ಒಂದು ಸೀಳು ಬಿದ್ದಿತ್ತು. ತಲೆ ಎತ್ತಿದರೆ ನಮ್ಮ ಹೆಂಗಸು ಅಟ್ಟಿಯ ಹತ್ತಿರದಿಂದ ಓಡಿಬರುತ್ತಿದ್ದಾಳೆ, ಕೈಯಲ್ಲಿ ಇನ್ನೊಂದು ಸೀಳು. ಜೀಪಿನ ಹತ್ತಿರ ಇದ್ದವನೂ ಓಡಿಬಂದ. ‘ಚಕ್ರ ನಿಲ್ಲೋವರೆಗೂ ಮುಟ್ಬೇಡಿ ಅಂದಿದ್ನಲ್ಲ ಸಾರ್’ ಅನ್ನುತ್ತಾ ನೆಲದ ಮೇಲಿದ್ದ ಹೆಬ್ಬೆರಳು ಗಾತ್ರದ ಕೋಲು ಎತ್ತಿ, ನಾನು ಕೈ ಹಾಕಿದ್ದ ಜಾಗಕ್ಕೇ ಹಾಕಿದ. ಕೋಲು ಅವನ ಕೈಯಲ್ಲಿ ಜಗ್ಗಿಕೊಂಡಿತು. ಹೊರಗೆ ತೆಗೆದಾಗ ಅದರ ತುದಿ ಇರಲಿಲ್ಲ.

ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಕೋಪ. ‘ಕೂಗೋಕೇನಾಗಿತ್ತೇ ನಿಂಗೆ? ಸೌದೇಲಿ ಹೊಡಿತೀಯಾ?’ ಅಂತ ಅವಳ ಮೇಲೆ ಅರಚಿದೆ.

ಅವಳು ನನ್ನ ಎದುರಿಗೆ ಬಂದು ಕೂತಳು, ಬಾಯಿ ನನಗೆ ಕಾಣುವ ಹಾಗೆ. ಏದುಸಿರು ಬಿಡುತ್ತಾ ನಿಧಾನವಾಗಿ ಹೇಳಿದಳು. ‘ಕೂಗ್ದೆ ಕಣಣ್ಣ. ಮೂರು ಸಲ ಕೂಗ್ದೆ. ನಿಮ್ಗೆ ಕೇಳಾಕಿಲ್ಲ ಅಂತ ನಂಗೊತ್ತೈತೆ. ಅದ್ಕೇ ಎಸ್ದೆ.’

ಸಾಹೇಬರು ಹತ್ತಿರ ಬಂದಿದ್ದರು. ‘ಏನಮ್ಮಾ ಹೇಳ್ತಿದ್ದೀಯ? ಇವರಿಗೆ ಕಿವಿ ಕೇಳ್ಸಲ್ವಾ?’

ಅವಳು ನನ್ನ ಮುಖ ನೋಡಿದಳು. ನಾನು ಆಗ ‘ಗದ್ದಲದಲ್ಲಿ ಕೇಳ್ಲಿಲ್ಲ ಅಷ್ಟೇ’ ಅಂದಿದ್ದರೆ ಅವಳೂ ಹೌದು ಅನ್ನುತ್ತಿದ್ದಳು, ನನಗೆ ಗೊತ್ತು. ಹಿಂದೊಂದು ಸಲ ಮಾಡದ ತಪ್ಪು ಒಪ್ಪಿಕೊಂಡವಳು. ಮಾತು ನಾಲಿಗೆ ತುದಿಗೆ ಬಂದಿತ್ತು. ಬಲಗೈ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡೆ, ಐದೂ ಅಲ್ಲಾಡುತ್ತಿದ್ದವು.

‘ಇಲ್ಲ ಸಾಹೇಬ್ರೆ. ಕೇಳಲ್ಲ,’ ಅಂದೆ. ‘ಎರಡು ವರ್ಷ ಆಯ್ತು.’

ಟ್ರ್ಯಾಕ್ಟರ್ ಆಫ್ ಮಾಡಿದರು. ಸಾಹೇಬರು ಗಡ್ಡ ನೀವಿಕೊಂಡು, ‘ಹಂಗಾದ್ರೆ ಇಷ್ಟು ದಿನ ನನ್ನ ಸೌದೆ ನೋಡಿ ಕೊಟ್ಟಿದ್ದು ಯಾರು?’ ಅಂತ ಕೇಳಿದರು. ಕೋಪದಲ್ಲಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು.

ಅವಳು ತಲೆ ತಗ್ಗಿಸಿದಳು. ‘ಬೆಳಗ್ಗೆ ಅಣ್ಣ ಬರಾಕ್ ಮುಂಚೆ ನಾನೇ ಬಡ್ದು ನೋಡ್ತಿದ್ದೆ. ಹಸೀದೆಲ್ಲ ಹಿಂದ್ಕಾಕಿ ಒಣಗಿರಾದ್ನ ಮುಂದಿಕ್ತಿದ್ದೆ. ಅಣ್ಣ ಯಾವ್ದೆತ್ತಿದ್ರೂ ಸರಿಯಾಗ್ಲಿ ಅಂತ. ನಿಮ್ ನಿಕಾಹ್ ಟೈಮಲ್ಲಿ ನಾನಿರ್ನಿಲ್ಲ.’

ಅದು ಸೌದೆ ಏಟಿಗಿಂತ ಜೋರಾಗಿ ಬಿತ್ತು. ನನ್ನ ನಾಟಕ ಚೆನ್ನಾಗಿ ನಡೆಯುತ್ತಿದೆ, ನಾನು ಬಲು ಚಾಲಾಕು ಅಂತ ಎರಡು ವರ್ಷ ಅಂದುಕೊಂಡಿದ್ದೆ. ಉಳಿಸಿಕೊಂಡೆ ಅಂದುಕೊಂಡಿದ್ದ ಹೆಸರು ನನ್ನದಾಗಿರಲೇ ಇಲ್ಲ. ಅವಳನ್ನು ಇವರ ಮುಂದೆಯೇ ಬೈದಿದ್ದೆನಲ್ಲ, ಅದು ನೆನಪಾಗಿ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಹೇಳದೆ ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ. ‘ನೀವೇ ಯೋಳ್ಕಳ್ಲಿ ಅಂತಿದ್ದೆ,’ ಅಂದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ‘ಕೈ ಓಗಿದ್ರೆ ನಾನ್ ಏನ್ ಮಾಡ್ಲಿ ಯೋಳಿ’ ಅಂತ ಬೈಯುವ ಹಾಗೆ ಕೇಳಿದಳು.

ಮೆಷಿನ್ ಮಾರುವವನು ಒಳಗಿನ ಬಳ್ಳಿಯನ್ನೆಲ್ಲ ಬಿಡಿಸಿ ಮುಚ್ಚಳ ಹಾಕಿದ. ಇವರು ಇನ್ನು ಕೊಳ್ಳುವುದಿಲ್ಲ ಅಂತ ಅವನ ಮುಖ ಹೇಳುತ್ತಿತ್ತು. ನಾನು ಎದ್ದು ಹೋಗಿ ಹೆಗ್ಗದ್ದೆಯಲ್ಲಿ ನೋಡಿದ್ದೇ ಬೇಕು, ಬೀಗ ದೀಪ ಎರಡೂ ಇರುವುದು ಅಂದೆ. ಯಾಕೆ ಅಂತ ಅವನು ಈ ಸಲ ಕೇಳಲಿಲ್ಲ. ಏನೋ ಅಂದ, ಸಿಗಲಿಲ್ಲ. ‘ಕೇಳ್ಲಿಲ್ಲ. ಈ ಕಡೆ ತಿರುಗಿ ಇನ್ನೊಂದ್ಸಲ ಹೇಳಿ,’ ಅಂದೆ. ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತದಂತೆ. ಕಾಯುತ್ತೇನೆ ಅಂದೆ. ಸಾಹೇಬರು ಆ ದಿನ ಸೌದೆ ತಗೊಳ್ಳದೆ ಖಾಲಿ ಆಟೋದಲ್ಲಿ ಹೊರಟುಹೋದರು.

ಎಂಟು ದಿನ ಅವರ ಸುಳಿವಿಲ್ಲ. ಊರಿನಲ್ಲಿ ವಿಷಯ ಹಬ್ಬಿತ್ತು. ಚಹದ ಅಂಗಡಿಯಲ್ಲಿ ಒಬ್ಬ ನನ್ನ ಜೊತೆ ಬೇಕೆಂದೇ ಕಿರುಚಿ ಮಾತಾಡಿದ, ಅವನಿಗೆ ತಕ್ಕ ಉತ್ತರ ಕೊಟ್ಟೆ. ದಿನಾ ಬೆಳಿಗ್ಗೆ ಇವತ್ತು ಯಾರೂ ಬರುವುದಿಲ್ಲ ಅಂದುಕೊಂಡೇ ಡಿಪೋ ಬಾಗಿಲು ತೆಗೆಯುತ್ತಿದ್ದೆ. ಒಂಬತ್ತನೇ ದಿನ ಸಾಹೇಬರ ಆಟೋ ಬಂತು.

ಇಳಿದು ನನಗೆ ಸಲಾಂ ಮಾಡಿದರು. ನಾನು ಅಭ್ಯಾಸದಂತೆ ಎದ್ದು ನಿಂತೆ. ಅವರು ನನ್ನ ಪಕ್ಕದಿಂದಲೇ ಹಾದು ಅಟ್ಟಿಯ ಹತ್ತಿರ ಅವಳ ಮುಂದೆ ಹೋಗಿ ನಿಂತರು. ಇಪ್ಪತ್ತು ವರ್ಷ ನನ್ನ ಮುಂದೆ ನಿಂತ ಮನುಷ್ಯ. ಅವಳು ನನ್ನ ಕಡೆ ನೋಡಿ ಹಿಂಜರಿದಳು. ನೋಡಿ ಕೊಡು ಅಂತ ಕೈಸನ್ನೆ ಮಾಡಿದೆ. ಅವಳು ಬಡಿದು ಆರಿಸುತ್ತಾ ಹೋದಳು, ಸಾಹೇಬರು ಪ್ರತಿಯೊಂದಕ್ಕೂ ತಲೆ ಆಡಿಸುತ್ತಾ ಹೋದರು. ಆರಿಸಿದ್ದನ್ನು ಆಟೋಗೆ ತುಂಬಲು ಆಳು ಬೇಕಿತ್ತು. ನಾನು ಹೋಗಿ ಎರಡೂ ಕೈಯಲ್ಲಿ ತುಂಬಿದೆ.